ಹಳೇ ನಾಣ್ಯ ಕೊಳ್ಳುವ ಮುನ್ನ: ಡಬ್ಬಿಯ ಮೇಲಿನ ನಂಬರಿಗಿಂತ ಒಳಗಿನ ಕಾಸು ನೋಡಿ

ಕೊಯಮತ್ತೂರು: ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಹಳೇ ಕಾಸಿಗೆ ಬರವಿಲ್ಲ. ದೇವರ ಪೆಟ್ಟಿಗೆಯಲ್ಲಿ ರಾಣಿ ರೂಪಾಯಿ, ಟ್ರಂಕಿನ ತಳದಲ್ಲಿ ಆನೆ ಕಾಸು ಇರುವುದು ಅಪರೂಪವೇನಲ್ಲ. ಇಂಥದೇ ನಾಣ್ಯಗಳು ಈಗ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ, ಮೇಲೊಂದು ಚೀಟಿ, ಚೀಟಿಯಲ್ಲೊಂದು ನಂಬರು ಹೊತ್ತು ಮಾರಾಟಕ್ಕೆ ಬರುತ್ತಿವೆ. ನಂಬರು ನೋಡಿ ದುಡ್ಡು ಕೊಟ್ಟವರು ಆಮೇಲೆ ಕೈ ಹಿಸುಕಿಕೊಳ್ಳುವುದುಂಟು. ಒಂದು ತಿಂಗಳ ಮಗ್ಗದ ಕೂಲಿ ಒಂದೇ ತಪ್ಪು ಕಾಸಿಗೆ ಹೋಗಿಬಿಡಬಹುದು. ಆದ್ದರಿಂದ ಕೊಳ್ಳುವ ಮುನ್ನ ಏನೇನು ನೋಡಬೇಕು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಈ ಸೀಮೆಯ ಕಾಸುಗಳು

ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಹೀಗಾಗಿ ಟಿಪ್ಪು ಸುಲ್ತಾನನ ಆನೆ ಪೈಸೆ ಇಲ್ಲಿಗೆ ಹೊರಗಿನದಲ್ಲ. ಅವನ ಟಂಕಸಾಲೆಗಳ ಪೈಕಿ ಸಲಾಮಾಬಾದ್ ಎಂಬುದು ನಮ್ಮ ಪಕ್ಕದ ಸತ್ಯಮಂಗಲವೇ. ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಮೈಲಿ ಕಾಸುಗಳು ಬಂದವು. ಆಮೇಲೆ ಬ್ರಿಟಿಷರ ಬೆಳ್ಳಿ ರೂಪಾಯಿ.

ಇವೆಲ್ಲಕ್ಕಿಂತ ಹಳೆಯದು ರೋಮನ್ ದಿನಾರ. ವೆಳ್ಳಲೂರು, ಪೊಳ್ಳಾಚಿ, ಕತ್ತಾಂಗಣ್ಣಿ ಮೊದಲಾದ ಕಡೆ ರೋಮನ್ ನಾಣ್ಯಗಳು ನೆಲದಲ್ಲಿ ಸಿಕ್ಕಿವೆ. ಹೆಚ್ಚಿನವು ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು. ಈ ಹೆಸರು ಹೇಳಿಕೊಂಡು ಮಾರುವ ನಕಲಿಗಳೂ ಇವೆ ಎಂಬುದು ನೆನಪಿರಲಿ.

ನಂಬರಿನ ಅರ್ಥವೇನು?

ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯನ್ನು 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಅಲ್ಲಿನ ಹಳೇ ತಾಮ್ರದ ಸೆಂಟ್‌ಗಳಿಗಾಗಿ ರೂಪಿಸಿದರು. ಈಗ ಅದು ಎಲ್ಲ ದೇಶಗಳ ನಾಣ್ಯಗಳಿಗೂ ಬಳಕೆಯಲ್ಲಿದೆ. ಅಂಕ ಕೊಟ್ಟು ಡಬ್ಬಿಯಲ್ಲಿ ಮುಚ್ಚಿಕೊಡುವ ಸಂಸ್ಥೆಗಳಲ್ಲಿ ಅಮೆರಿಕದ ಪಿಸಿಜಿಎಸ್ (1986) ಮತ್ತು ಎನ್‌ಜಿಸಿ (1987) ಹೆಚ್ಚು ಪರಿಚಿತ. ಡಬ್ಬಿಗೆ ಸಂಗ್ರಾಹಕರು ಸ್ಲ್ಯಾಬ್ ಎನ್ನುತ್ತಾರೆ.

ಸ್ಥೂಲವಾಗಿ ಅಂಕಗಳ ಅರ್ಥ ಹೀಗಿದೆ:

- 60ರಿಂದ 70 (ಎಂಎಸ್): ಕೈಯಿಂದ ಕೈಗೆ ಓಡಾಡಿ ಸವೆಯದ ನಾಣ್ಯ
- 50ರಿಂದ 58 (ಎಯು): ಎತ್ತರದ ಜಾಗಗಳಲ್ಲಿ ಮಾತ್ರ ತುಸು ಸವೆತ
- 40ರಿಂದ 45 (ಎಕ್ಸ್‌ಎಫ್): ಸಣ್ಣ ಕೆತ್ತನೆಗಳು ಇನ್ನೂ ಸ್ಪಷ್ಟ
- 20ರಿಂದ 35 (ವಿಎಫ್): ಮುಖ್ಯ ಗೆರೆಗಳು ಸ್ಪಷ್ಟ, ಸೂಕ್ಷ್ಮ ಗೆರೆಗಳು ಅರ್ಧ ಮಾಸಿದವು
- 12ರಿಂದ 15 (ಎಫ್): ಎಲ್ಲ ಕಡೆ ಸವೆತ, ಅಕ್ಷರ ಓದಬಹುದು
- ಅದಕ್ಕೂ ಕೆಳಗೆ: ಸವಕಲು ನಾಣ್ಯ

ಅಂಕದ ಬದಲು 'ಡೀಟೇಲ್ಸ್' ಎಂದು ಬರೆದಿದ್ದರೆ ಎಚ್ಚರ ವಹಿಸಬೇಕು. ನಾಣ್ಯ ಅಸಲಿ, ಆದರೆ ತಿಕ್ಕಿ ತೊಳೆದದ್ದೋ, ತೂತು ಮುಚ್ಚಿದ್ದೋ, ಗೀಚಿದ್ದೋ ಆಗಿದೆ ಎಂದು ಅದರ ಅರ್ಥ. ಬೆಲೆ ಬಹಳ ಇಳಿಯುತ್ತದೆ. ಮಾರುವವರು ಈ ಪದವನ್ನು ನುಂಗಿ 'ಎಕ್ಸ್‌ಎಫ್' ಎಂದಷ್ಟೇ ಹೇಳುವುದುಂಟು.

ಮೊದಲು ಡಬ್ಬಿಯ ಪರೀಕ್ಷೆ

ನಾಣ್ಯಕ್ಕೆ ಮಾತ್ರವಲ್ಲ, ಡಬ್ಬಿಗೂ ನಕಲಿ ಇದೆ. ಚೀಟಿಯಲ್ಲಿರುವ ಸರ್ಟಿಫಿಕೇಟ್ ನಂಬರನ್ನು ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಬೇಕು. ನಾಣ್ಯದ ಹೆಸರು, ಇಸವಿ, ಅಂಕ ಮೂರೂ ಹೊಂದಬೇಕು. ಅಲ್ಲಿ ಫೋಟೋ ಇದ್ದರೆ ಕಲೆ, ಗೀರು, ಬಣ್ಣವನ್ನು ಒಂದೊಂದಾಗಿ ಹೋಲಿಸಬೇಕು. ಅಸಲಿ ನಂಬರನ್ನೇ ಕದ್ದು ನಕಲಿ ಡಬ್ಬಿಗೆ ಅಂಟಿಸುವವರಿದ್ದಾರೆ. ನಂಬರು ಹೊಂದಿದ ಮಾತ್ರಕ್ಕೆ ನಾಣ್ಯ ಅದೇ ಎನ್ನುವಂತಿಲ್ಲ.

ಡಬ್ಬಿಯ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ. ಬಿಚ್ಚಿ ಮತ್ತೆ ಅಂಟಿಸಿದ ಗುರುತು, ಬಿರುಕು, ಅಂಟಿನ ಕಲೆ ಕಂಡರೆ ಬೇಡ ಎನ್ನುವುದೇ ಲೇಸು. ಅಂಗಡಿಯವರೇ ಅಚ್ಚು ಹಾಕಿಸಿದ 'ಗ್ಯಾರಂಟಿ ಕಾರ್ಡ್' ಗ್ರೇಡಿಂಗ್ ಅಲ್ಲ.

ನಂತರ ಕಾಸಿನ ಪರೀಕ್ಷೆ

ಒಂದೇ ವಿಎಫ್ ಗುಂಪಿನಲ್ಲಿ 20ರ ನಾಣ್ಯವೂ ಇದೆ, 35ರದ್ದೂ ಇದೆ. ಒಂದೇ ಅಂಕದ ಎರಡು ನಾಣ್ಯಗಳು ಕೂಡ ಕಣ್ಣಿಗೆ ಒಂದೇ ಸಮ ಇರುವುದಿಲ್ಲ. ಕೈಗೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಒಂದು ಪಕ್ಕದಿಂದ ಬೀಳುವ ಬೆಳಕು ಸಾಕು.

ಸವೆತ: ಎತ್ತರದ ಜಾಗ ಮೊದಲು ಸವೆಯುತ್ತದೆ. ರಾಣಿ ರೂಪಾಯಿಯಲ್ಲಿ ಕೆನ್ನೆ, ಕಿವಿಯ ಮೇಲಿನ ಕೂದಲು, ಉಡುಪಿನ ಕಸೂತಿ ನೋಡಬೇಕು. ಐದನೇ ಜಾರ್ಜ್ ರೂಪಾಯಿಯಲ್ಲಿ ಕಿರೀಟದ ಹರಳು ಮತ್ತು ಕಿವಿ. ಆನೆ ಕಾಸಿನಲ್ಲಿ ಆನೆಯ ತಲೆ, ಕಿವಿ, ಹೊಟ್ಟೆ.

ಅಚ್ಚಿನ ಕೊರತೆ: ಟಿಪ್ಪು ಕಾಲದ ಕಾಸುಗಳನ್ನು ಕೈಯಿಂದ ಬಡಿದು ಅಚ್ಚು ಹಾಕುತ್ತಿದ್ದರು. ಆನೆ ಒಂದು ಕಡೆಗೆ ಸರಿದಿರಬಹುದು, ಅರ್ಧ ಅಕ್ಷರ ಹೊರಗೆ ಬಿದ್ದಿರಬಹುದು. ಇದು ಸವೆತವಲ್ಲ. ಆದರೆ ಊರಿನ ಹೆಸರು, ವರ್ಷ ಎರಡೂ ಓದಲು ಸಿಗುವ ಕಾಸಿಗೇ ಬೆಲೆ ಹೆಚ್ಚು.

ತಿಕ್ಕಿದ ಗುರುತು: ಓರೆ ಬೆಳಕಿನಲ್ಲಿ ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿಗೆ ಓಡಿದ್ದರೆ ಬ್ರಷ್ಷು, ಪುಡಿ ಹಾಕಿ ತಿಕ್ಕಿದ್ದಾರೆ ಎಂದರ್ಥ. ನೂರು ವರ್ಷದ ಬೆಳ್ಳಿ ಪಾತ್ರೆ ಅಂಗಡಿಯ ಲೋಟದಂತೆ ಹೊಳೆದರೆ ಅನುಮಾನ ಪಡಬೇಕು.

ತೂತು, ಬೆಸುಗೆ: ಸರಕ್ಕೆ ಪೋಣಿಸಿದ ಕಾಸಿನಲ್ಲಿ ಕೊಂಡಿ ಬೆಸೆದ ಗುರುತು ಅಂಚಿನಲ್ಲಿ ಉಳಿದಿರುತ್ತದೆ. ಡಬ್ಬಿಯ ಅಂಚು ಅದನ್ನು ಮರೆಮಾಡಬಹುದು.

ಕಿಲುಬು: ತಾಮ್ರದ ಮೇಲೆ ಗಟ್ಟಿಯಾಗಿ ಕೂತ ಕಂದು, ಹಸಿರು ಬಣ್ಣ ದೋಷವಲ್ಲ. ಮುಟ್ಟಿದರೆ ಉದುರುವ ತಿಳಿ ಹಸಿರು ಪುಡಿ ಲೋಹವನ್ನು ತಿನ್ನುತ್ತಿರುವ ಲಕ್ಷಣ. ಅದು ನಿಲ್ಲುವುದಿಲ್ಲ, ಹರಡುತ್ತದೆ.

ಎರಕದ ಗುರುತು: ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಅಂಚಿನ ಸುತ್ತ ಒಂದು ಗೆರೆ ಇದ್ದರೆ ಅದು ಅಚ್ಚು ಹಾಕಿದ್ದಲ್ಲ, ಎರಕ ಹೊಯ್ದದ್ದು.

ಓದು ಬಲ್ಲವರಿಗೆ ಅನುಕೂಲ

ಮುಮ್ಮಡಿಯವರ ಕಾಸಿನಲ್ಲಿ ಆನೆಯ ಮೇಲೆ 'ಶ್ರೀ', ಹಿಂಬದಿಯಲ್ಲಿ 'ಮೈಲಿ ಕಾಸು' ಎಂಬ ಬೆಲೆ ಕನ್ನಡದಲ್ಲೇ ಇರುತ್ತದೆ. ಕೆಲವದರಲ್ಲಿ ಇಂಗ್ಲಿಷಿನಲ್ಲೂ ಬೆಲೆ ಇದೆ. ಕನ್ನಡ ಬಾರದ ನಕಲಿಗಾರ ಅಕ್ಷರವನ್ನು ಬರೀ ಚಿತ್ರವಾಗಿ ಕೆತ್ತಿ ಕೊಂಬು, ಇಳಿ ತಪ್ಪಿಸುತ್ತಾನೆ. ಮೈಸೂರಿನ ನಾಣ್ಯ ಅಚ್ಚು 1843ರಲ್ಲಿ ನಿಂತಿತು. ಅದರ ನಂತರದ ಇಸವಿ ಕಂಡರೆ ಕೊಳ್ಳಬಾರದು.

ಟಿಪ್ಪು ತನ್ನ ಮೌಲೂದಿ ಶಕೆಯ ವರ್ಷಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಪರ್ಷಿಯನ್ ಅಂಕಿಗಳಲ್ಲಿ 1222 ಎಂಬುದು ಎಡದಿಂದ ಓದಿದರೆ 2221 ಎಂದು ಕಾಣುತ್ತದೆ. ಪೈಸೆಯ ತೂಕ ಸುಮಾರು 11 ಗ್ರಾಂ, ಎರಡು ಪೈಸೆಯದು ಸುಮಾರು 22 ಗ್ರಾಂ.

1911ರ ಐದನೇ ಜಾರ್ಜ್ ರೂಪಾಯಿಗೆ 'ಹಂದಿ ರೂಪಾಯಿ' ಎಂಬ ಹೆಸರು. ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಂಡು ಆಕ್ಷೇಪ ಎದ್ದಿತು. 1912ರಲ್ಲಿ ಚಿತ್ರ ತಿದ್ದಿದರು. ಇದು ಅಪರೂಪವಾದ್ದರಿಂದ ಇಸವಿಯ ಕೊನೆಯ ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡದೆ ಕೊಳ್ಳಬಾರದು.

ತಕ್ಕಡಿ ಹೇಳುವ ಸತ್ಯ

ಡಬ್ಬಿಯಲ್ಲಿಲ್ಲದ ಬೆಳ್ಳಿ ರೂಪಾಯಿಯನ್ನು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಬಹುದು. ವಿಕ್ಟೋರಿಯಾದಿಂದ ಐದನೇ ಜಾರ್ಜ್‌ವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 91.7. ಸವೆದದ್ದು ಸ್ವಲ್ಪ ಕಡಿಮೆ ತೂಗುತ್ತದೆ, ಹೆಚ್ಚು ತೂಗಬಾರದು. ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಸುಮಾರು 1.13 ಗ್ರಾಂ ಇಳಿಯಬೇಕು. 1.3ಕ್ಕಿಂತ ಹೆಚ್ಚು ಇಳಿದರೆ ಒಳಗೆ ಬೇರೆ ಲೋಹವಿದೆ. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದಿತ್ತು, ಅವಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಹಳೆಯ ರೂಪಾಯಿಯಲ್ಲಿರುವ ಶುದ್ಧ ಬೆಳ್ಳಿ 10.69 ಗ್ರಾಂ. ಅಂದಿನ ಬೆಳ್ಳಿ ದರದಲ್ಲಿ ಅದರ ಬೆಲೆ ಎಷ್ಟು ಎಂದು ಮೊದಲು ಲೆಕ್ಕ ಹಾಕಬೇಕು. ಅದಕ್ಕಿಂತ ಎಷ್ಟು ಹೆಚ್ಚು ಕೇಳುತ್ತಿದ್ದಾರೋ ಅಷ್ಟೂ ಇಸವಿಗೆ ಮತ್ತು ಸ್ಥಿತಿಗೆ ಕೊಡುವ ದುಡ್ಡು.

ಕಾನೂನು ಮತ್ತು ಮೋಸ

ನೆಲದಲ್ಲಿ ಸಿಕ್ಕ ನಾಣ್ಯ ಸಿಕ್ಕವರದಲ್ಲ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಮಣ್ಣು ಮೆತ್ತಿದ ದಿನಾರವನ್ನು ಗುಟ್ಟಾಗಿ ಕೊಡುತ್ತೇನೆ ಎನ್ನುವವರಿಂದ ದೂರ ಇರುವುದು ಕ್ಷೇಮ. ಅದು ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ಕೇಸು ಬಂತು. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವುದನ್ನೂ 1972ರ ಪ್ರಾಚ್ಯವಸ್ತು ಕಾಯ್ದೆ ನಿಷೇಧಿಸಿದೆ.

ಮೊಬೈಲಿನಲ್ಲಿ 'ನಿಮ್ಮ ಹಳೇ ಕಾಸಿಗೆ ಲಕ್ಷ ರೂಪಾಯಿ, ಮೊದಲು ಕಮಿಷನ್ ಕಟ್ಟಿ' ಎಂದು ಬಂದರೆ ಅದು ಮೋಸವೇ. ತನ್ನ ಹೆಸರು ಬಳಸಿ ಹೀಗೆ ಶುಲ್ಕ ಕೇಳುವವರಿಗೆ ಮರುಳಾಗಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು.

ಮನೆಯ ಕಾಸಿಗೆ ಹುಣಸೆಹಣ್ಣು ಬೇಡ

ಕೊಳ್ಳುವವರಿಗೆ ಹೇಳಿದ ಮಾತು ಮನೆಯಲ್ಲಿ ಕಾಸು ಇಟ್ಟುಕೊಂಡವರಿಗೂ ಸಲ್ಲುತ್ತದೆ. ಹಬ್ಬದ ದಿನ ದೇವರ ಪಾತ್ರೆಗಳ ಜೊತೆ ಹುಣಸೆಹಣ್ಣು, ಬೂದಿ ಹಾಕಿ ಕಾಸನ್ನೂ ಬೆಳಗುವ ರೂಢಿ ಹಲವು ಮನೆಗಳಲ್ಲಿದೆ. ನೂರು ವರ್ಷದಲ್ಲಿ ಕೂತ ಬಣ್ಣ ಐದು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಕಾಸನ್ನು ಅಂಚಿನಲ್ಲಿ ಹಿಡಿದು, ಒಣಗಿದ ಕಾಗದದ ಲಕೋಟೆಯಲ್ಲಿ ಒಂದೊಂದನ್ನೇ ಬೇರೆಯಾಗಿ ಇಟ್ಟರೆ ಸಾಕು. ಮಾರುವ ಮನಸ್ಸಾದರೆ ಒಬ್ಬರಿಗಲ್ಲ, ಕನಿಷ್ಠ ಮೂವರಿಗೆ ತೋರಿಸಿ ಬೆಲೆ ಕೇಳಬೇಕು. ಇವತ್ತೇ ಕೊಡಿ ಎಂದು ಅವಸರ ಮಾಡುವವರಿಗೆ ನಾಳೆ ಬನ್ನಿ ಎಂದರೆ ನಷ್ಟವೇನಿಲ್ಲ.