ಕುಟ್ಟದ ನೆರಳು, ಊಟಿಯ ಮಸೂರ

ಕೊಡಗಿನ ಚರಿತ್ರೆ ಎಂದರೆ ಅರಸರು, ಕಾಫಿ, ಫೌಜು. ವಿಜ್ಞಾನದ ಮೇಷ್ಟ್ರಾಗಿದ್ದ ನನಗೆ ಅದಕ್ಕೆ ಇನ್ನೊಂದು ತಾರೀಕು ಸೇರಿಸುವ ಆಸೆ: 1871ರ ಡಿಸೆಂಬರ್ 12. ಅಂದು ಬೆಳಗಿನ ಸೂರ್ಯಗ್ರಹಣದಲ್ಲಿ ಚಂದ್ರನ ನೆರಳು ನಮ್ಮ ತೆಂಕಣ ಅಂಚನ್ನು ಸವರಿಕೊಂಡು ಹೋಯಿತು. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಬೇಕಲ ಕೋಟೆಯಲ್ಲಿ ನಾರ್ಮನ್ ಲಾಕಿಯರ್, ಕುಟ್ಟದ ಕೆಳಗಿನ ಮಾನಂತವಾಡಿಯಲ್ಲಿ ಅವರದೇ ಇನ್ನೊಂದು ತಂಡ, ನೀಲಗಿರಿಯ ಶೋಲೂರಿನಲ್ಲಿ ಫ್ರಾನ್ಸಿನ ಜಾನ್ಸೆನ್. ಎಲ್ಲರ ಕಣ್ಣೂ ಸೂರ್ಯನ ಕರೋನದ ಮೇಲೆ. ಪಕ್ಕದ ನಕ್ಷತ್ರ ಜಾಗ ಬಿಟ್ಟು ಸರಿದಂತೆ ಕಾಣುತ್ತದೆಯೇ ಎಂದು ನೋಡುವ ಗೊಡವೆ ಯಾರಿಗೂ ಇರಲಿಲ್ಲ. ಸೂರ್ಯನ ಗುರುತ್ವ ಬೆಳಕನ್ನು ಬಾಗಿಸುತ್ತದೆ ಎಂದು ಮುಂದೆ ಲೆಕ್ಕ ಹಾಕಿ ತೋರಿಸಿದ ಐನ್‌ಸ್ಟೈನ್ ಇನ್ನೂ ಹುಟ್ಟಿರಲಿಲ್ಲ.

ಸೂರ್ಯನ ಬಳಿ ಬೆಳಕು ಬಾಗುವುದನ್ನು ಎಡಿಂಗ್ಟನ್ ಮತ್ತು ಸಂಗಡಿಗರು ಅಳೆದದ್ದು 1919ರ ಗ್ರಹಣದಲ್ಲಿ. 1922ರಲ್ಲಿ ಕೊಡೈಕನಾಲಿನ ಎವರ್ಶೆಡ್ ಅದೇ ಅಳತೆಗೆ ಆಸ್ಟ್ರೇಲಿಯಕ್ಕೆ ಹೋಗಿ, ಉಪಕರಣ ಕೈಕೊಟ್ಟು ಬರಿಗೈಯಲ್ಲಿ ಮರಳಿದರು. 1979ರಲ್ಲಿ ಬಹುದೂರದ ಒಂದೇ ಕ್ವೇಸಾರ್ (ಗೆಲಾಕ್ಸಿಯೊಂದರ ಉಜ್ವಲ ನಡುಭಾಗ) ಎರಡಾಗಿ ಕಂಡಿತು. ನಡುವಿನ ಗೆಲಾಕ್ಸಿಯೇ ಅದರ ಬೆಳಕನ್ನು ಬಾಗಿಸಿ ಮಸೂರವಾಗಿತ್ತು.

ನನಗೆ ಹೆಚ್ಚು ಇಷ್ಟ ಊಟಿಯ ಕಥೆ. ಅಲ್ಲಿನ ಮುತ್ತೊರೈ ಇಳಿಜಾರಿನಲ್ಲಿ ಗೋವಿಂದ ಸ್ವರೂಪ್ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕ ಕಟ್ಟಿಸಿದರು. ಇಳಿಜಾರನ್ನು ಆರಿಸಿದ್ದರಲ್ಲೇ ಜಾಣತನವಿದೆ: ಅದರ ಓರೆ ಊಟಿಯ ಅಕ್ಷಾಂಶದಷ್ಟೇ, ಸುಮಾರು 11 ಡಿಗ್ರಿ. ಹಾಗಾಗಿ ಒಂದೇ ಅಕ್ಷದ ಮೇಲೆ ತಿರುಗಿಸಿದರೆ ಸಾಕು, ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಅವರ ಟಿ.ಐ.ಎಫ್.ಆರ್. ಬಳಗದ ಪ್ರಮೇಶ್ ರಾವ್ ಮತ್ತು ರವಿ ಸುಬ್ರಹ್ಮಣ್ಯನ್ 1988ರಲ್ಲಿ, ಧನು ರಾಶಿಯ ಪಿಕೆಎಸ್ 1830-211 ಎಂಬ ರೇಡಿಯೊ ಮೂಲದ ಜೋಡಿ ಚುಕ್ಕೆಗಳು ಒಂದೇ ಕ್ವೇಸಾರಿನ ಬಿಂಬಗಳಿರಬೇಕು ಎಂದರು. ಆ ಮಾತು ನಿಜವಾಯಿತು. ಎರಡು ಬಿಂಬಗಳ ಬೆಳಕು ಬೇರೆ ಬೇರೆ ದಾರಿ ಹಿಡಿದು ಬರುವುದರಿಂದ, ಕ್ವೇಸಾರ್ ಮಿನುಗಿದರೆ ಒಂದು ಬಿಂಬದಲ್ಲಿ ಮೊದಲು, ಇನ್ನೊಂದರಲ್ಲಿ ಸುಮಾರು 26 ದಿನ ತಡವಾಗಿ ಕಾಣುತ್ತದೆ. ಕಕ್ಕಡದ ಮಳೆಯಲ್ಲಿ ನಮಗೆ ಧನು ರಾಶಿ ಕಾಣುವುದೇ ಅಪರೂಪ. ರೇಡಿಯೊ ಅಲೆಗೆ ಮೋಡದ ಹಂಗಿಲ್ಲ.

ಇಂಥ ಬಿಂಬಗಳ ಅಂತರ, ಹೊಳಪುಗಳಿಂದ ಮಸೂರದ ಗೆಲಾಕ್ಸಿಯ ತೂಕ ತಿಳಿಯುತ್ತದೆ. ಕಾಣುವ ನಕ್ಷತ್ರ, ಅನಿಲವನ್ನೆಲ್ಲ ಕೂಡಿದರೂ ಆ ತೂಕಕ್ಕೆ ಸಾಲದು. ಉಳಿದದ್ದು ಗೆಲಾಕ್ಸಿಯನ್ನು ಸುತ್ತುವರಿದ ಕಪ್ಪು ದ್ರವ್ಯ. ಬಿಂಬಗಳ ಹೊಳಪು ಲೆಕ್ಕಕ್ಕೆ ಹೊಂದದಿದ್ದರೆ, ಆ ಆವರಣದೊಳಗೆ ಸಣ್ಣ ಸಣ್ಣ ಕಪ್ಪು ಗಡ್ಡೆಗಳಿವೆಯೇ ಎಂದು ಹುಡುಕುತ್ತಾರೆ.

2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕುಟ್ಟದಲ್ಲಿ ಜನ ಸೇರಿದ್ದರು. ಆ ಕುತೂಹಲ ಆರಬಾರದು. ಊಟಿಗೆ ಶಾಲಾ ಪ್ರವಾಸ ಹೊರಡಿಸುವ ಕೊಡಗಿನ ಮೇಷ್ಟ್ರುಗಳೇ, ಬೋಟ್‌ಹೌಸಿನ ಜೊತೆ ಮುತ್ತೊರೈಯನ್ನೂ ಸೇರಿಸಿಕೊಳ್ಳಿ. ಮೊದಲೇ ಪತ್ರ ಬರೆದು ಅನುಮತಿ ಕೇಳಿ.