ಮಗುವಿನ ಕಾಯಿಲೆಗೆ ಮನೆಯೇ ಕಾವಲು

ಸಕ್ಕರೆ ಕಾಯಿಲೆಯೆಂದರೆ ವಯಸ್ಸಾದವರ ರೋಗವೆಂದೇ ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಎಳೆಯ ಮಕ್ಕಳಿಗೂ ಅದು ಬರುತ್ತದೆ. ಬಂದರೆ ಜೀವನಪರ್ಯಂತ ಉಳಿಯುತ್ತದೆ. 1922ಕ್ಕೆ ಮೊದಲು ಅದು ಮಗುವಿನ ಪಾಲಿಗೆ ಮರಣಶಾಸನವೇ ಆಗಿತ್ತು.

ಅಂದಿನ ವೈದ್ಯರಿಗೆ ತೋಚಿದ್ದ ಉಪಾಯ ಉಪವಾಸ. ಅಮೆರಿಕದ ಡಾಕ್ಟರ್ ಫ್ರೆಡರಿಕ್ ಆಲನ್ ವಿಧಿಸುತ್ತಿದ್ದ ಕಠಿಣ ಪಥ್ಯದಲ್ಲಿ ಮಕ್ಕಳು ಎಲುಬಿನ ಹಂದರವಾಗಿ ಒಂದಷ್ಟು ಕಾಲ ಉಳಿಯುತ್ತಿದ್ದರು. ಹಸಿವು ತಾಳಲಾರದ 12ರ ಬಾಲಕನೊಬ್ಬ ಪಂಜರದ ಹಕ್ಕಿಯ ಕಾಳನ್ನೂ ಕದ್ದು ತಿಂದದ್ದುಂಟು. ಕಾವಲೆಂದರೆ ಆಗ ಮಗು ತಿನ್ನದಂತೆ ನೋಡಿಕೊಳ್ಳುವುದು! ಅದೇ ವಯಸ್ಸಿನ ಯಾಯೀರನ ಮಗಳನ್ನು ಎಬ್ಬಿಸಿದ ಯೇಸುಸ್ವಾಮಿ, ಆಕೆಗೆ ತಿನ್ನಲು ಏನಾದರೂ ಕೊಡುವಂತೆ ಹೇಳಿದರೆಂದು ಮಾರ್ಕನ ಶುಭಸಂದೇಶದಲ್ಲಿದೆ. ಆ ಭಾಗವನ್ನು ಈ ಮಕ್ಕಳ ತಾಯಂದಿರು ಯಾವ ಮನಸ್ಸಿನಿಂದ ಓದಿರಬಹುದೆಂದು ನೀವೇ ಊಹಿಸಿ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚಲಾಯಿತು. 11ರಂದು ಕೊಟ್ಟದ್ದು ಫಲಿಸಲಿಲ್ಲ. ಇನ್ನಷ್ಟು ಶುದ್ಧೀಕರಿಸಿ 23ರಂದು ಕೊಟ್ಟದ್ದು ಫಲಿಸಿತು. ಆಗಸ್ಟ್‌ನಲ್ಲಿ ಅಲ್ಲಿಗೆ ಬಂದ ಎಲಿಜಬೆತ್ ಹ್ಯೂಸ್ ಅಮೆರಿಕದ ವಿದೇಶಾಂಗ ಸಚಿವರ ಮಗಳು. ಹದಿನೈದರ ಹೊಸ್ತಿಲಲ್ಲಿದ್ದ ಆಕೆಯ ತೂಕ ಸುಮಾರು 20 ಕಿಲೋ. ಆಕೆಯೂ ಚೇತರಿಸಿಕೊಂಡಳು.

ಮದ್ದು ಬಂದಿತೆಂದು ಕಾವಲು ಮುಗಿಯಲಿಲ್ಲ. ಇನ್ಸುಲಿನ್ ಹೆಚ್ಚಾದರೆ ಸಕ್ಕರೆ ಕುಸಿದು ಮಗು ಎಚ್ಚರ ತಪ್ಪುತ್ತದೆ. ಕಡಿಮೆಯಾದರೆ ರಕ್ತದಲ್ಲಿ ಆಮ್ಲ ತುಂಬುತ್ತದೆ. ದಿನವೂ ಆಸ್ಪತ್ರೆಗೆ ಹೋಗುವುದು ಯಾರಿಂದಾದೀತು? ಬಾಸ್ಟನ್ನಿನ ಡಾಕ್ಟರ್ ಎಲಿಯಟ್ ಜೋಸ್ಲಿನ್ ರೋಗಿಗೂ ಮನೆಯವರಿಗೂ ಕಲಿಸುವುದನ್ನು ಚಿಕಿತ್ಸೆಯ ಭಾಗವನ್ನಾಗಿಸಿದರು. ತಾಯಿ ಮಗುವಿನ ಮೂತ್ರದ ಕೆಲವು ಹನಿಗಳನ್ನು ಬೆನೆಡಿಕ್ಟ್ ದ್ರಾವಣಕ್ಕೆ ಹಾಕಿ ಕಾಯಿಸುವಳು. ಬಣ್ಣ ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಇದ್ದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಆದರೆ ಮೂತ್ರ ತಿಳಿಸುವುದು ಕೆಲವು ಗಂಟೆಗಳ ಹಿಂದಿನ ಸುದ್ದಿ. ಸಕ್ಕರೆ ತೀರಾ ಇಳಿದಿದ್ದರೆ ಅದು ಎಚ್ಚರಿಸುವುದೇ ಇಲ್ಲ.

ರಕ್ತದ ಸಕ್ಕರೆ ಅಳೆಯುವ ಪುಟ್ಟ ಯಂತ್ರ 1970ರ ಹೊತ್ತಿಗೆ ಬಂದರೂ ಅದನ್ನು ವೈದ್ಯರಿಗಷ್ಟೇ ಮಾರುತ್ತಿದ್ದರು. 12ನೆಯ ವಯಸ್ಸಿನಿಂದ ಇದೇ ಕಾಯಿಲೆಯಿದ್ದ ಅಮೆರಿಕದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೀನ್, ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡು ದಿನಕ್ಕೆ ಹಲವು ಬಾರಿ ತಾವೇ ಪರೀಕ್ಷಿಸಿಕೊಂಡರು. ಫಲಿತಾಂಶಗಳನ್ನು ಬರೆದರೆ ವೈದ್ಯ ಪತ್ರಿಕೆಗಳು ಒಪ್ಪಲಿಲ್ಲ. ಹಟ ಬಿಡದೆ, ನಲವತ್ತು ದಾಟಿದ ಮೇಲೆ ವೈದ್ಯಶಾಸ್ತ್ರ ಓದಿ ಡಾಕ್ಟರಾದರು. 1993ರಲ್ಲಿ, ಹದಿಹರೆಯದವರೂ ಸೇರಿ 1,441 ಮಂದಿಯ ಅಧ್ಯಯನವೊಂದು ಸಕ್ಕರೆಯ ಬಿಗಿ ಹತೋಟಿಯಿಂದ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಬಹಳ ತಗ್ಗುವುದೆಂದು ಸ್ಥಾಪಿಸಿತು.

ಇಂದು ತೋಳಿಗೆ ಅಂಟಿಸಿದ ಸೆನ್ಸರ್ ಕೆಲವೇ ನಿಮಿಷಗಳಿಗೊಮ್ಮೆ ಸಕ್ಕರೆಯ ಮಟ್ಟವನ್ನು ತಾಯಿಯ ಮೊಬೈಲಿಗೆ ಕಳುಹಿಸಬಲ್ಲದು. ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ. ಕೊಂಡವರ ಮನೆಯಲ್ಲಿ ಬೇರೊಂದು ತೊಡಕು: ಹದಿನಾರರ ಹುಡುಗ ಗೆಳೆಯರೊಂದಿಗೆ ತಿಂದ ಸಿಹಿಯ ಸುಳಿವೂ ಮನೆಗೆ ಮುಟ್ಟುತ್ತದೆ. ಕಾಯುವುದು ಎಲ್ಲಿ ಮುಗಿದು ಬೇಹುಗಾರಿಕೆ ಎಲ್ಲಿ ಆರಂಭವಾಗುತ್ತದೆಂಬುದನ್ನು ಯಾವ ಯಂತ್ರವೂ ತೋರಿಸದು.

ಎಲಿಜಬೆತ್ ಹ್ಯೂಸ್ ಟೊರಾಂಟೊದಲ್ಲಿದ್ದಾಗಲೇ ಸೂಜಿಯನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. ಮುಂದೆ ಮದುವೆಯಾಗಿ ಮೂವರು ಮಕ್ಕಳ ತಾಯಿಯಾದ ಆಕೆ, ತೀರಾ ಹತ್ತಿರದವರ ಹೊರತು ಯಾರಿಗೂ ಕಾಯಿಲೆಯ ವಿಷಯ ತಿಳಿಸದೆ 1981ರವರೆಗೆ ಬಾಳಿದಳು.