ರಬ್ಬರಿಗೆ ಹೋದ ಗೆರೆಗಳು

ಸತ್ಯಮಂಗಲದ ಕಡೆಯಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಏದುತ್ತ ಹತ್ತಿದ ಬಸ್ಸು ಹಾಸನೂರಿಗೆ ಬಂದು ಉಸಿರು ಬಿಡುತ್ತದೆ. ಮುಂದಿನದು ಚಾಮರಾಜನಗರದ ದಾರಿ. ನಾನು ಹುಡುಗನಾಗಿದ್ದಾಗ ಕೆಳಗಿನ ಬಸ್ಸು ತಮಿಳು ‘ಅಂಬುಲಿಮಾಮಾ’ವನ್ನು ತರುತ್ತಿತ್ತು, ಮೇಲಿನಿಂದ ನೆಂಟರು ಬಂದರೆ ಅವರ ಚೀಲದಲ್ಲಿ ಕನ್ನಡ ‘ಚಂದಮಾಮ’ ಇರುತ್ತಿತ್ತು. ಒಂದೇ ತಿಂಗಳ ಎರಡೂ ಸಂಚಿಕೆಗಳು ಕೈಗೆ ಸಿಕ್ಕಿದ್ದು ಒಂದೆರಡು ಸಲ ಮಾತ್ರ. ಎರಡರಲ್ಲೂ ಚಿತ್ರ ಒಂದೇ! ಹೆಗಲ ಮೇಲೆ ಹೆಣ ಹೊತ್ತು, ಕತ್ತಿ ಹಿರಿದು ನಡೆಯುವ ಅದೇ ವಿಕ್ರಮ. ಶಾಲೆಯಲ್ಲಿ ತಮಿಳು ಕಲಿತು ಮನೆಯಲ್ಲಿ ಕನ್ನಡ ಆಡುತ್ತಿದ್ದ ನನಗೆ ಕನ್ನಡದ ಅಕ್ಷರ ಕೂಡಿಸಿ ಓದುವ ಹಟ ಹುಟ್ಟಿದ್ದು ಆ ಚಿತ್ರಗಳಿಂದ. ತಮಿಳಿನಲ್ಲಿ ಓದಿ ತಿಳಿದ ಕಥೆಯನ್ನು ಚಿತ್ರದ ಗುರುತು ಹಿಡಿದು ಕನ್ನಡದಲ್ಲಿ ಹುಡುಕುತ್ತಿದ್ದೆ. ಮಲಯಾಳಂನ ಓದುಗರಿಗೂ ‘ಅಂಬಿಳಿ ಅಮ್ಮಾವನ್’ ಹೆಸರಿನಲ್ಲಿ ಈ ಚಿತ್ರಗಳು ಪರಿಚಿತವೇ.

1947ರ ಜುಲೈಯಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರು ಅದರ ಆರಂಭಕಾಲದ ಚಿತ್ರಕಾರರಲ್ಲಿ ಒಬ್ಬರು. ವಿಕ್ರಮ-ಬೇತಾಳರನ್ನು ಬರೆದವರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್. 1924ರಲ್ಲಿ ಧಾರಾಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿದವರು. ಆಗ ಅವರ ಹಳ್ಳಿಯೂ ನಮ್ಮ ತಾಳವಾಡಿ ಬೆಟ್ಟಗಳೂ ಒಂದೇ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. (1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಉಳಿದೆವು, ಆ ಮಾತು ಇಲ್ಲಿ ಬೇಡ.) ದೇವಿಪ್ರಸಾದ ರಾಯ್ ಚೌಧುರಿಯವರು ಪ್ರಾಂಶುಪಾಲರಾಗಿದ್ದ ಮದರಾಸಿನ ಕಲಾಶಾಲೆಯಲ್ಲಿ ಕಲಿತು 1946ರಲ್ಲಿ ಹೊರಬಂದ ಶಂಕರ್, 1952ರಲ್ಲಿ ಚಂದಮಾಮವನ್ನು ಸೇರಿ ಸುಮಾರು ಆರು ದಶಕ ಅಲ್ಲೇ ಬರೆದರು.

ನಾವು ನೋಡಿದ್ದೆಲ್ಲ ಮಸಿಯ ಗೆರೆ. ಅದರ ಅಡಿಯಲ್ಲಿದ್ದ ಪೆನ್ಸಿಲ್ ಗೆರೆಯನ್ನು ಕಂಡವರು ಕೆಲವರೇ. ಚಿತ್ರಕಥೆಯ ಪುಟ ಮೊದಲು ಚಿಕ್ಕ ಕಾಗದದಲ್ಲಿ ಗೀಚುಗೀಚಾಗಿ ಹುಟ್ಟುತ್ತದೆ: ಯಾವ ಚೌಕದಲ್ಲಿ ಯಾರು, ಮಾತಿನ ಗುಳ್ಳೆ ಎಲ್ಲಿ ಎಂಬಷ್ಟೇ. ಬಳಿಕ ಅಚ್ಚಾಗುವ ಅಳತೆಗಿಂತ ದೊಡ್ಡದಾದ ದಪ್ಪ ಕಾಗದದ ಮೇಲೆ ಪೆನ್ಸಿಲಿನ ಪುಟ ಏಳುತ್ತದೆ. ಇಲ್ಲಿಯೇ ನಿಜವಾದ ಪರೀಕ್ಷೆ. ಗಡುಸು ಸೀಸವನ್ನು ಒತ್ತಿ ಎಳೆದರೆ ಕಾಗದದಲ್ಲಿ ಕಾಲುವೆ ಬೀಳುತ್ತದೆ, ಎಷ್ಟು ಉಜ್ಜಿದರೂ ಹೋಗದು. ಮೆತ್ತನೆಯ ಸೀಸವಾದರೆ ಅಂಗೈ ತಾಗಿ ಪುಟವೆಲ್ಲ ಮಸಕು. ಹತ್ತು ಗೆರೆಗಳಲ್ಲಿ ತಡಕಾಡಿದ ಮೂಗನ್ನು ಒಂದೇ ಗೆರೆಗೆ ತರಬೇಕು. ಮಸಿ ಹಿಡಿದ ಕುಂಚ ‘ಇದೋ ಅದೋ’ ಎಂದು ನಿಂತು ಯೋಚಿಸುವಂತಿಲ್ಲ. ಯೋಚನೆಯೆಲ್ಲ ಪೆನ್ಸಿಲಿನಲ್ಲೇ ಮುಗಿದಿರಬೇಕು. ಮಸಿ ಒಣಗಿದ ಮೇಲೆ ಪೆನ್ಸಿಲನ್ನು ರಬ್ಬರಿನಿಂದ ಒರೆಸಿಬಿಡುತ್ತಾರೆ. ಕೆಲಸ ಚೆನ್ನಾಗಿದ್ದಷ್ಟೂ ಅದರ ಗುರುತು ಉಳಿಯುವುದಿಲ್ಲ. ಹಳೆಯ ಲೆಡ್ಜರುಗಳಲ್ಲಿ ಗುಮಾಸ್ತರು ಮೊತ್ತವನ್ನು ಪೆನ್ಸಿಲಿನಲ್ಲಿ ಬರೆದು, ತಾಳೆಯಾದ ಮೇಲೆ ಮಸಿಯಲ್ಲಿ ತುಂಬುತ್ತಿದ್ದುದನ್ನು ಬಲ್ಲ ನನಗೆ ಇದು ಬೇಗ ಅರ್ಥವಾಯಿತು.

ಅಮೆರಿಕದ ಚಿತ್ರಕಥೆಯ ಕಂಪನಿಗಳಲ್ಲಿ ಪೆನ್ಸಿಲಿಗೆ ಒಬ್ಬ, ಮಸಿಗೆ ಇನ್ನೊಬ್ಬ, ಅಕ್ಷರಕ್ಕೆ ಮತ್ತೊಬ್ಬ. ಹಾಗಾಗಿ ಅಲ್ಲಿ ಪೆನ್ಸಿಲಿನವನ ಹೆಸರು ಅಚ್ಚಾಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಎರಡೂ ಒಂದೇ ಕೈ.

ಬಹುಭಾಷೆಯ ಪುಟಕ್ಕೆ ಇನ್ನೊಂದು ತೊಡಕಿದೆ. ಚಿತ್ರ ಒಂದೇ, ಮಾತು ಮಾತ್ರ ಭಾಷೆಗೊಂದರಂತೆ ಬದಲು. ಇಂಗ್ಲಿಷಿನ ಮೂರು ಪುಟ್ಟ ಪದ ಕನ್ನಡದಲ್ಲಿಯೋ ಮಲಯಾಳದಲ್ಲಿಯೋ ಒಂದು ಉದ್ದನೆಯ ಪದವಾಗುತ್ತದೆ. ನಮ್ಮ ಒತ್ತಕ್ಷರಗಳು ಕೆಳಗೂ ಜಾಗ ಕೇಳುತ್ತವೆ. ಗುಳ್ಳೆಯನ್ನು ಬಿಗಿಯಾಗಿ ಬರೆದರೆ ಮಾತು ಅರ್ಜುನನ ಕಿರೀಟದ ಮೇಲೆ ಹತ್ತುತ್ತದೆ. ಪೆನ್ಸಿಲ್ ಹಿಡಿದವನು ತನಗೆ ಬಾರದ ಭಾಷೆಗೂ ಜಾಗ ಬಿಟ್ಟಿರಬೇಕು.

‘ಅಮರ ಚಿತ್ರ ಕಥೆ’ಯ ವಿಷಯದಲ್ಲಿ ನಮ್ಮವರು ಅಷ್ಟಾಗಿ ನೆನೆಯದ ಸಂಗತಿಯೊಂದಿದೆ. 1967ರಲ್ಲಿ ಅದನ್ನು ಕಟ್ಟಿದ ಕೀರ್ತಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರದು. ಆದರೆ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನವರಾಗಿದ್ದ ಜಿ.ಕೆ. ಅನಂತರಾಮ್ ಹೇಳಿದಂತೆ, ಆ ಹೆಸರಿನ ಮೊದಲ ಪುಸ್ತಕಗಳು 1965ರಲ್ಲಿ ಕನ್ನಡದಲ್ಲಿ ಬಂದವು. ಅವು ಪಾಶ್ಚಾತ್ಯ ಕಿನ್ನರ ಕಥೆಗಳು. ರಾಮ್ ವಾಯೀರ್ಕರ್ ಬರೆದ ‘ಕೃಷ್ಣ’ಕ್ಕೆ 11ನೆಯ ಸಂಖ್ಯೆ ಬಿದ್ದದ್ದು ಅದರ ಹಿಂದೆ ಹತ್ತು ಪುಸ್ತಕಗಳಿದ್ದುದರಿಂದ. ಬಾಲಕೃಷ್ಣನ ನಯವಾದ ದುಂಡುಗೆರೆಯನ್ನು ನಮ್ಮಲ್ಲಿ ಎಷ್ಟು ಮಕ್ಕಳು ನಕಲು ಮಾಡಿಲ್ಲ!

ನಮ್ಮಣ್ಣನೂ ಮಾಡಿದ. ಕಾಗದಕ್ಕೆ ಕೊಬ್ಬರಿಎಣ್ಣೆ ಸವರಿ, ಬೇತಾಳನ ಮೇಲಿಟ್ಟು, ಪೆನ್ಸಿಲಿನಲ್ಲಿ ತಿದ್ದುತ್ತಿದ್ದ. ಎಣ್ಣೆ ಇಳಿದು ಚಂದಮಾಮ ಹಾಳಾಯಿತೆಂದು ಅವ್ವ ಬೈದಳು, ಆದರೂ ಆ ಸಂಚಿಕೆಯನ್ನು ಎಸೆಯಲಿಲ್ಲ.

ಚಂದಮಾಮ 2013ರ ಸುಮಾರಿಗೆ ನಿಂತಿತು. ಶಂಕರ್ 2020ರ ಸೆಪ್ಟೆಂಬರ್ 29ರಂದು ತೀರಿಕೊಂಡರು. ಪದ್ಮಶ್ರೀ ಮರುವರ್ಷ ಬಂತು. ಹೋದ ದೀಪಾವಳಿಗೆ ಅಣ್ಣನ ಮಗಳು ಟ್ರಂಕಿನಿಂದ ಆ ಎಣ್ಣೆ ಕಲೆಯ ಸಂಚಿಕೆಯನ್ನು ತೆಗೆದಳು. ತಮಿಳು ಮಾಧ್ಯಮದ ಹುಡುಗಿ, ಕನ್ನಡ ಓದಲು ಬಾರದು. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ವಿಕ್ರಮನ ಸುತ್ತ ಪೆನ್ಸಿಲ್ ಒತ್ತಿದ ಕಾಲುವೆಗಳು ಕಂಡವು. ಅವಳು ಅವುಗಳ ಮೇಲೆ ಬೆರಳಾಡಿಸುತ್ತ, ‘ಚಿಕ್ಕಪ್ಪ, ಕೆಳಗೆ ಏನು ಬರೆದೈತೆ?’ ಎಂದಳು. ಮೊದಲ ಸಾಲಿಗೆ ಅವಳ ಬೆರಳಿಟ್ಟು ಓದಿಸತೊಡಗಿದೆ.